ಚಿಕ್ಕನರಗುಂದದಿಂದ ಬೆಂಗಳೂರು ಎಷ್ಟು ತಾಸು?

ಗದಗ ಜಿಲ್ಲೆಯ ನರಗುಂದದ ಬಸ್ ನಿಲ್ದಾಣದಲ್ಲಿ ನಿಂತು ‘ಹುಬ್ಬಳ್ಳಿ ಎಷ್ಟ್ ದೂರ ಆಕ್ಕೈತ್ರಿ?’ ಎಂದು ಕೇಳಿದರೆ 55 ಕಿಲೋಮೀಟರ್ ಎನ್ನುವವರು ಕಡಿಮೆ. ‘ಒಂದೂವರಿ ತಾಸಿನ ದಾರಿ ನೋಡ್ರಿ’ ಎಂಬ ಉತ್ತರ ಬರುತ್ತದೆ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: ‘ಬಸ್ ಲಗೂನ ಸಿಕ್ಕರ.’

ದೂರವನ್ನು ಹೊತ್ತಿನಲ್ಲಿ ಅಳೆಯುವ ರೂಢಿ ಈ ಎರೆ ಸೀಮೆಗೆ ಹಳೆಯದು. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದರೆ ಕೂಗಳತೆ, ನಡೆದು ದಣಿಯುವಷ್ಟಿದ್ದರೆ ಹರದಾರಿಗಳ ಲೆಕ್ಕ, ಬುತ್ತಿ ಕಟ್ಟಿಕೊಂಡು ಹೊರಡಬೇಕಾದಲ್ಲಿ ಗಾವುದ. ಆ ಅಳತೆಗಳೊಳಗೆ ಮನುಷ್ಯನ ದನಿಯೂ ಕಾಲೂ ಹಸಿವೂ ಇದ್ದವು. ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರಾಟವಿದೆ. ‘ಬೆಂಗಳೂರಿಗೆ ಬರೀ ಒಂದು ತಾಸು’ ಎಂಬ ಮಾತು ಸಭೆ ಸಮಾರಂಭಗಳಲ್ಲಿ, ಹೂಡಿಕೆದಾರರ ಮುಂದೆ, ಮನೆ ನಿವೇಶನದ ಜಾಹೀರಾತುಗಳಲ್ಲಿ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಆ ತಾಸು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ನರಗುಂದದ ಬಳಿಯ ಚಿಕ್ಕನರಗುಂದವೆಂಬ ಹಳ್ಳಿಯ ಒಂದು ಮನೆಯ ಹೊಸ್ತಿಲಲ್ಲಿ ನಿಂತು ಕೇಳಿ ನೋಡಬೇಕು.

ಮೊದಲು ವಿಮಾನದ ಲೆಕ್ಕವನ್ನೇ ನೋಡೋಣ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ರಸ್ತೆಯಲ್ಲಿ ಹುಬ್ಬಳ್ಳಿ–ಬೆಂಗಳೂರು ನಡುವೆ 400 ಕಿ.ಮೀ.ಗಿಂತ ತುಸು ಹೆಚ್ಚು. ರೈಲು ಹಳಿಯ ಮೇಲೆ 470ರ ಆಸುಪಾಸು. ಇಂಥ ಕಡಿಮೆ ದೂರದ ಮಾರ್ಗಗಳಲ್ಲಿ ಹೆಚ್ಚಾಗಿ ಓಡುವ ಎಟಿಆರ್ ವಿಮಾನ, ಎರಡು ರೆಕ್ಕೆಗಳಲ್ಲೂ ಪಂಖದಂಥ ಪ್ರೊಪೆಲರ್ ತಿರುಗುತ್ತಿರುವಂಥದ್ದು, ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಆ ಲೆಕ್ಕದಲ್ಲಿ 45 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿ ಒಂದು ತಾಸಿನ ಮೇಲೆ ಹತ್ತೋ ಹದಿನೈದೋ ನಿಮಿಷ ಬರೆದಿರುತ್ತದೆ. ಕಾರಣ ಸರಳ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣಕ್ಕೆ ಗಡಿಯಾರ ಶುರುವಾಗುತ್ತದೆ. ಇಳಿದು, ಉರುಳಿ, ತನ್ನ ಜಾಗದಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇ ತಲುಪುವುದು, ಸರದಿ ಕಾಯುವುದು, ಮೇಲೇರುವುದು, ಬೆಂಗಳೂರಿನ ಸಂದಣಿಯ ಆಕಾಶದಲ್ಲಿ ಇಳಿಯಲು ಅನುಮತಿಗಾಗಿ ಸುತ್ತು ಹೊಡೆಯುವುದು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಎಟಿಆರ್ ಬದಲು ಗಂಟೆಗೆ 800 ಕಿ.ಮೀ. ದಾಟುವ ಜೆಟ್ ಬಿಟ್ಟರೂ ಉಳಿಯುವುದು ಹತ್ತು ಹದಿನೈದು ನಿಮಿಷ ಅಷ್ಟೇ. ಅದು ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ.

ಇದು ವಿಮಾನದ ಗಡಿಯಾರ. ಪ್ರಯಾಣಿಕನ ಗಡಿಯಾರ ಬೇರೆ.

ಚಿಕ್ಕನರಗುಂದದ ಹುಡುಗನೊಬ್ಬನಿಗೆ ಬೆಂಗಳೂರಿನಲ್ಲಿ ಸಂದರ್ಶನವಿದೆ, ಮನೆಯವರು ಹೇಗೋ ಹೊಂದಿಸಿ ವಿಮಾನದ ಟಿಕೆಟ್ ತೆಗೆಸಿಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಊರಿನಿಂದ ನರಗುಂದಕ್ಕೆ ಬಸ್ಸೋ ಟಂಟಂ ಆಟೊವೋ ಕಾದು ಹೋಗುವುದಕ್ಕೆ ಮುಕ್ಕಾಲು ತಾಸು ಹಿಡಿಯಿರಿ. ನರಗುಂದದಿಂದ ನವಲಗುಂದದ ಮೇಲೆ ಹುಬ್ಬಳ್ಳಿಗೆ ಒಂದೂವರೆ ತಾಸು. ಅಲ್ಲಿಂದ ಆಟೊ ಹಿಡಿದು ವಿಮಾನ ನಿಲ್ದಾಣಕ್ಕೆ ಅರ್ಧ ತಾಸು. ಕೌಂಟರ್ ಮುಚ್ಚುವುದು ವಿಮಾನ ಹೊರಡುವ ಸುಮಾರು ಒಂದು ತಾಸು ಮೊದಲು. ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವವನು ಆ ಗಳಿಗೆಗೆ ಸರಿಯಾಗಿ ಬರುವ ಧೈರ್ಯ ಮಾಡಲಾರ. ಎರಡು ತಾಸು ಮುಂಚೆಯೇ ಬಂದು ಕೂಡುತ್ತಾನೆ. ಹಾರಾಟಕ್ಕೆ ಒಂದೂಕಾಲು ತಾಸು. ಇಳಿದು ಚೀಲ ತೆಗೆದುಕೊಂಡು ಹೊರಬರಲು ಅರ್ಧ ತಾಸು. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ವಾಯುವಜ್ರ ಬಸ್ಸಿನಲ್ಲಿ, ಹೆಬ್ಬಾಳದ ದಟ್ಟಣೆ ದಾಟಿ, ಒಂದೂವರೆ ತಾಸು.

ಕೂಡಿಸಿದರೆ ಎಂಟು ತಾಸು. ಅದರಲ್ಲಿ ನೆಲ ಬಿಟ್ಟು ಗಾಳಿಯಲ್ಲಿದ್ದದ್ದು ಒಂದು ತಾಸೂ ಇಲ್ಲ.

ಇದೇ ಹುಡುಗ ಸಂಜೆ ಊಟ ಮುಗಿಸಿ ಬೆಂಗಳೂರಿನ ರಾತ್ರಿ ಬಸ್ ಹತ್ತಿದ್ದರೆ? ಸುಮಾರು 460 ಕಿ.ಮೀ., ಒಂಬತ್ತರಿಂದ ಹತ್ತು ತಾಸು. ಗಡಿಯಾರದ ಪ್ರಕಾರ ವಿಮಾನವೇ ಮುಂದೆ. ಆದರೆ ರಾತ್ರಿ ಬಸ್ಸಿನಲ್ಲಿ ಕಳೆದದ್ದು ರಾತ್ರಿ. ಹೊಲದಲ್ಲಿ ಹೆಸರು ಬಿಡಿಸುವ ಹಗಲು, ಅಂಗಡಿ ತೆರೆಯುವ ಹಗಲು, ಕೂಲಿಯ ಹಗಲು ಕೈಯಲ್ಲೇ ಉಳಿಯಿತು. ವಿಮಾನ ಹಗಲನ್ನು ತಿನ್ನುತ್ತದೆ. ನಗರದ ಅಧಿಕಾರಿ ಉಳಿದ ನಿಮಿಷಗಳನ್ನು ಎಣಿಸಿಕೊಳ್ಳಬಹುದು. ದುಡಿಯುವವರು ಎಣಿಸುವುದು ಉಳಿದ ಹಗಲುಗಳನ್ನು. ‘ರಾತ್ರಿ ಬಸ್ಸಿಗೆ ಹೋಗಿ, ಕೆಲಸ ಮುಗಿಸಿ, ಮತ್ತ ರಾತ್ರಿ ಬಸ್ಸಿಗೆ ಬಂದ್ರಾತು’ ಎಂಬ ಮಾತನ್ನು ಉತ್ತರ ಕರ್ನಾಟಕದ ಯಾವ ಊರಿನಲ್ಲಾದರೂ ಕೇಳಬಹುದು. ಬೆನ್ನು ನೋವಿನ ಆ ಎರಡು ರಾತ್ರಿಗಳ ಹಿಂದೆ ಪಕ್ಕಾ ಲೆಕ್ಕಾಚಾರವಿದೆ.

ದುಡ್ಡಿನ ಲೆಕ್ಕವೂ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಾಗ, ಸುಮಾರು ಒಂದು ತಾಸಿನ, 500 ಕಿ.ಮೀ. ದೂರದ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಇಟ್ಟಿತ್ತು. ಅದೂ ವಿಮಾನದ ಒಂದು ಪಾಲು ಸೀಟುಗಳಿಗೆ ಮಾತ್ರ. ಹವಾಯಿ ಚಪ್ಪಲಿ ಮೆಟ್ಟಿದವರೂ ವಿಮಾನ ಹತ್ತಬೇಕು ಎಂಬ ಆಸೆ ಅದರ ಹಿಂದಿತ್ತು, ಒಳ್ಳೆಯ ಆಸೆಯೇ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಹಳೆಯ ಆ ಮಿತಿದರವೇ ಹೆಚ್ಚುಕಡಿಮೆ ಏಳು ದಿನದ ಕೂಲಿಗೆ ಸಮ. ಇನ್ನೊಂದು ಕಡೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಕೆಂಪು ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದಾರೆ. ಚಿಕ್ಕನರಗುಂದದ ತಾಯಿಯೊಬ್ಬಳಿಗೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯನ್ನು ಹತ್ತಿರ ತಂದದ್ದು ಯಾವುದು ಎಂದು ಕೇಳಿದರೆ ಉತ್ತರಕ್ಕೆ ತಡವರಿಸಬೇಕಾಗಿಲ್ಲ.

ಹಾಗೆಂದು ವಿಮಾನವನ್ನು ಹಳಿಯುವುದು ತಪ್ಪು. ಹುಬ್ಬಳ್ಳಿಯ ವಿಮಾನ ನಿಲ್ದಾಣ 1974ರಿಂದ ಇದ್ದರೂ ದಶಕಗಳ ಕಾಲ ಅಲ್ಲಿ ವಿಮಾನ ಬಂದದ್ದಕ್ಕಿಂತ ಬಾರದ ದಿನಗಳೇ ಹೆಚ್ಚು. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ದೊಡ್ಡ ಕಂಪನಿಗಳು ತಿರುಗಿ ನೋಡದ ಸಣ್ಣ ಊರುಗಳಿಗೆ ಎಟಿಆರ್ ಹಾರಿಸಿದಾಗ ಈ ಭಾಗಕ್ಕೂ ಅದರ ಗಾಳಿ ತಾಗಿತು. ಆ ಕಂಪನಿ ಮುಂದೆ ಕಿಂಗ್‌ಫಿಶರ್‌ನಲ್ಲಿ ಸೇರಿಹೋಯಿತು; 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟವೂ ನಿಂತಿತು. 2017ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಹೊಸ ಟರ್ಮಿನಲ್ ತೆರೆದ ಮೇಲೆ, 2018ರಲ್ಲಿ ಉಡಾನ್ ಅಡಿ ಊರೂರಿಗೆ ಹಾರಾಟ ಶುರುವಾದ ಮೇಲೆ, 2019ರ ಜನವರಿಯಲ್ಲಿ ಸ್ಟಾರ್ ಏರ್ ತನ್ನ 50 ಸೀಟಿನ ಜೆಟ್‌ಗಳನ್ನು ತಂದ ಮೇಲೆ ನಿಲ್ದಾಣ ಜೀವಂತವಾಯಿತು. 2022ರ ನವೆಂಬರ್‌ನಲ್ಲಿ ದೆಹಲಿಗೆ ನೇರ ವಿಮಾನವೂ ಬಂತು. ವಿದೇಶದಲ್ಲಿರುವ ಮಗ ತಂದೆಯ ಕೊನೆಯ ಮುಖ ನೋಡಲು ಓಡಿ ಬರುವಾಗ, ತುರ್ತು ಚಿಕಿತ್ಸೆಗೆ ಮುಂಬೈಗೋ ಹೈದರಾಬಾದಿಗೋ ಒಯ್ಯಬೇಕಾದಾಗ, ಆ ನಿಲ್ದಾಣದ ಬೆಲೆಯನ್ನು ರೂಪಾಯಿಯಲ್ಲಿ ಕಟ್ಟಲಾಗದು.

ಪ್ರಶ್ನೆ ಇರುವುದು ನಿಲ್ದಾಣದ ಗೇಟಿನಿಂದ ಈಚೆಗೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ 2021ರ ಜನವರಿಯಲ್ಲಿ ಏರ್ ಇಂಡಿಯಾ ಮೊದಲ ನೇರ ಹಾರಾಟ ನಡೆಸಿತು. ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಚಪ್ಪಟೆ ನಕಾಶೆಯಲ್ಲಿ ನೋಡಿದರೆ ಶಾಂತಸಾಗರ ದಾಟಿ ಬರಬೇಕೆನಿಸುತ್ತದೆ. ಆದರೆ ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮೇಲೆ ಹಾಯುತ್ತದೆ. ಆ ದಾರಿ ಹಿಡಿದು ಸುಮಾರು 14,000 ಕಿ.ಮೀ. ದೂರವನ್ನು ಹದಿನೇಳು ತಾಸಿನ ಆಸುಪಾಸಿನಲ್ಲಿ ಕ್ರಮಿಸಿದರು. ಈಗ ಆ ವಿಮಾನದಲ್ಲಿ ನರಗುಂದ ಸೀಮೆಯವರೊಬ್ಬರು ಬಂದಿದ್ದರೆ ಎಂದು ಯೋಚಿಸಿ. ಅರ್ಧ ಭೂಮಂಡಲ ದಾಟಿ ಬಂದವರಿಗೆ ಉಳಿದಿರುವುದು 460 ಕಿ.ಮೀ. ಮಾತ್ರ. ಅದಕ್ಕೆ ಮತ್ತೆ ಎಂಟರಿಂದ ಹತ್ತು ತಾಸು ಬೇಕು. ಇಡೀ ದಾರಿಯ ನೂರಕ್ಕೆ ಮೂರರಷ್ಟಿರುವ ತುಂಡು, ಹೊತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ನುಂಗುತ್ತದೆ. ನಮ್ಮ ಎಂಜಿನಿಯರುಗಳೂ ಮಂತ್ರಿಗಳೂ ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಮೂರರ ಬಗ್ಗೆ.

ನರಗುಂದದ ಜನ ಬೆಂಗಳೂರಿನ ದೂರವನ್ನು ಕಾಲಿನಲ್ಲೇ ಅಳೆದದ್ದೂ ಉಂಟು. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ರೈತರು ತಮ್ಮ ಮೇಲೆ ಹೇರಿದ್ದ ಕರದ ವಿರುದ್ಧ ನರಗುಂದದ ಕಚೇರಿಗೆ ಮುತ್ತಿಗೆ ಹಾಕಿದರು. ಪೊಲೀಸರ ಗುಂಡಿಗೆ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಲಿಯಾದರು. ಅದೇ ದಿನ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ. ನವಿಲುತೀರ್ಥದ ಅಣೆಕಟ್ಟಿನ ನೀರು ಹೊಲಕ್ಕೆ ಸರಿಯಾಗಿ ಬಾರದೆಯೇ ಕರದ ನೋಟಿಸು ಬಂದಿತ್ತು. ರೈತರು ಹೇಳಿದ್ದು ತಾಲ್ಲೂಕು ಕಚೇರಿಗೆ ಕೇಳಿದರೂ ಬೆಂಗಳೂರಿಗೆ ಕೇಳಿರಲಿಲ್ಲ. ಮುಂದೆ 1981ರ ಜನವರಿಯಲ್ಲಿ ನರಗುಂದದಿಂದಲೇ ರಾಜಧಾನಿಗೆ ಕಾಲ್ನಡಿಗೆ ಜಾಥಾ ಹೊರಟಿತು. ಊರಿಂದ ಊರಿಗೆ ಜನ ಸೇರುತ್ತ, ಸುಮಾರು ಮೂರು ವಾರ ನಡೆದು, ಫೆಬ್ರುವರಿಯಲ್ಲಿ ಬೆಂಗಳೂರು ಮುಟ್ಟಿತು. ಆಗಲೂ ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿತ್ತು. ಆದರೆ ರೈತನ ಸಂಕಟ ವಿಧಾನಸೌಧ ತಲುಪಲು ಹಿಡಿದದ್ದು ರೈತರ ಜೀವ ಮತ್ತು ಮೂರು ವಾರದ ನಡಿಗೆ.

ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದಲ್ಲಿ ರೈತರು ಹುತಾತ್ಮರ ಕಲ್ಲಿಗೆ ಹೂವಿಡುತ್ತಾರೆ. ಅದೇ ಊರಿನಲ್ಲಿ 2015ರ ಜುಲೈನಿಂದ ಮಹದಾಯಿ ನೀರಿಗಾಗಿ ಧರಣಿ ಕೂತರು, ವರ್ಷಗಟ್ಟಲೆ ಎದ್ದಿರಲಿಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು. ಇಂಥ ತೀರ್ಮಾನಗಳಾಗುವ ದೆಹಲಿಗೆ ಹುಬ್ಬಳ್ಳಿಯಿಂದ ನೇರ ಗೆರೆಯಲ್ಲಿ ಸುಮಾರು 1,480 ಕಿ.ಮೀ.; ವಿಮಾನಕ್ಕೆ ಎರಡೂವರೆ ತಾಸಿನ ಮಾತು. ನೀರು ತಿರುಗಬೇಕಾದ ಖಾನಾಪುರದ ಕಣಕುಂಬಿಯಿಂದ ನರಗುಂದಕ್ಕೆ ನೇರ ಗೆರೆಯಲ್ಲಿ 125 ಕಿ.ಮೀ. ಇದ್ದೀತು. ಮಹದಾಯಿಯ ಕಳಸಾ-ಬಂಡೂರಿ ಹಳ್ಳಗಳ ನೀರು ಆ ದಾರಿಯನ್ನು ಇನ್ನೂ ಕ್ರಮಿಸಿಲ್ಲ. ಯಾವುದು ದೂರ, ಯಾವುದು ಹತ್ತಿರ ಎಂಬುದನ್ನು ಈ ಊರಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ದೂರದ ಬೆಲೆ ಏನೆಂಬುದನ್ನು ಪೈಸೆ ಪೈಸೆಯಾಗಿ ತೋರಿಸಿದ ಚೀಟಿಯೊಂದು 2022ರ ನವೆಂಬರ್‌ನಲ್ಲಿ ನಾಡಿನ ಕೈಯಿಂದ ಕೈಗೆ ಹರಿದಾಡಿತು. ಗದಗ ಜಿಲ್ಲೆಯ ರೈತರೊಬ್ಬರು ತಾವು ಬೆಳೆದ 205 ಕೆ.ಜಿ. ಉಳ್ಳಾಗಡ್ಡಿಯನ್ನು 415 ಕಿ.ಮೀ. ದೂರದ ಯಶವಂತಪುರ ಮಾರುಕಟ್ಟೆಗೆ ಒಯ್ದಿದ್ದರು. ಕ್ವಿಂಟಲ್‌ಗೆ 200 ರೂಪಾಯಿಯಂತೆ ಸಿಕ್ಕಿದ್ದು 410 ರೂಪಾಯಿ. ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ. ಹಮಾಲಿ 24 ರೂಪಾಯಿ. ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ.

ಆ ಚೀಟಿಯನ್ನು ದರ ಕುಸಿತದ ಕತೆಯಾಗಿ ಎಲ್ಲರೂ ಓದಿದರು. ದೂರದ ಕತೆಯಾಗಿ ಓದಿದವರು ಕಡಿಮೆ. ಕಿಲೋ ಉಳ್ಳಾಗಡ್ಡಿಗೆ ಬಂದ ಬೆಲೆ ಎರಡು ರೂಪಾಯಿ, ಅದನ್ನು ಬೆಂಗಳೂರಿಗೆ ಒಯ್ದ ಖರ್ಚು 1 ರೂಪಾಯಿ 84 ಪೈಸೆ. ನೂರಕ್ಕೆ ತೊಂಬತ್ತೆರಡು ಪಾಲನ್ನು ದಾರಿಯೇ ತಿಂದಿತು. ಆ ವರ್ಷ ಮಳೆ ಹೆಚ್ಚಾಗಿ ಗಡ್ಡೆ ಕೊಳೆತಿತ್ತು, ದರ ಬಿದ್ದಿತ್ತು ಎಂಬುದೆಲ್ಲ ನಿಜ. ಆದರೆ ಗದಗಿನಲ್ಲೇ ಖರೀದಿ ಇದ್ದಿದ್ದರೆ, ರೋಣ–ನರಗುಂದದ ಸೀಮೆಯಲ್ಲಿ ಗಾಳಿಯಾಡುವ ಗೋದಾಮಿನಲ್ಲಿ ಎರಡು ತಿಂಗಳು ಇಟ್ಟುಕೊಳ್ಳುವ ಅನುಕೂಲವಿದ್ದಿದ್ದರೆ, ಅದೇ 205 ಕಿಲೋಗೆ ಬೇರೆ ಲೆಕ್ಕ ಬರುತ್ತಿತ್ತು. ಲಾರಿ ಓಡುವ 415 ಕಿಲೋಮೀಟರಿನ ಮೇಲೆ ಒಂದು ತಾಸಿನ ವಿಮಾನ ದಿನವೂ ಹಾಯುತ್ತದೆ. ಅದರ ನೆರಳು ಕೂಡ ಉಳ್ಳಾಗಡ್ಡಿಯ ಮೂಟೆಗೆ ತಾಗುವುದಿಲ್ಲ.

ದೂರವನ್ನು ತಗ್ಗಿಸಲು ಎರಡು ದಾರಿಗಳಿವೆ: ಹೋಗುವ ವೇಗ ಹೆಚ್ಚಿಸುವುದು ಒಂದು, ಹೋಗಬೇಕಾದ ಜಾಗವನ್ನೇ ಹತ್ತಿರ ತರುವುದು ಇನ್ನೊಂದು. ಮೊದಲನೆಯದಕ್ಕೆ ರಿಬ್ಬನ್ ಕತ್ತರಿಸುವ ಸಂಭ್ರಮವಿದೆ. ಎರಡನೆಯದಕ್ಕೆ ಹೋರಾಟ ಬೇಕು, ತಾಳ್ಮೆ ಬೇಕು. ಈ ಭಾಗದ ಜನರ ಬದುಕನ್ನು ಹಗುರ ಮಾಡಿದ್ದು ಬಹುಪಾಲು ಎರಡನೆಯದೇ.

ಹೈಕೋರ್ಟನ್ನೇ ತೆಗೆದುಕೊಳ್ಳಿ. 2008ರವರೆಗೆ ನರಗುಂದದ ರೈತನ ಜಮೀನು ತಕರಾರು ಮೇಲ್ಮನವಿಗೆ ಹೋದರೆ ದಾರಿ ಬೆಂಗಳೂರಿಗೇ. ಪ್ರತಿ ವಾಯಿದೆಗೂ ಎರಡು ರಾತ್ರಿಯ ಬಸ್ಸು, ಒಂದು ದಿನದ ಲಾಡ್ಜು, ವಕೀಲರ ಬಾಗಿಲಲ್ಲಿ ಕಾಯುವುದು. ಸಂಜೆಗೆ ‘ಮುಂದಿನ ತಾರೀಕು’ ಎಂಬ ಒಂದು ಮಾತು ಕೇಳಿಕೊಂಡು ವಾಪಸು. ಈ ಭಾಗದ ವಕೀಲರೂ ಜನರೂ ವರ್ಷಗಟ್ಟಲೆ ಹೋರಾಡಿದ ಫಲವಾಗಿ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯಿತು; 2013ರ ಆಗಸ್ಟ್‌ನಲ್ಲಿ ಅದೇ ಕಾಯಂ ಪೀಠವಾಯಿತು. ಗದಗ ಜಿಲ್ಲೆ ಅದರ ವ್ಯಾಪ್ತಿಗೆ ಬಂತು. ನರಗುಂದದಿಂದ 460 ಕಿ.ಮೀ. ಇದ್ದ ನ್ಯಾಯ 75 ಕಿ.ಮೀ.ಗೆ ಇಳಿಯಿತು. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೋದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು. ಯಾವ ಜೆಟ್ ವಿಮಾನವೂ ಇಷ್ಟು ದೊಡ್ಡ ದೂರವನ್ನು ಇಷ್ಟು ಜನರಿಗೆ ಇಷ್ಟು ಅಗ್ಗವಾಗಿ ತಗ್ಗಿಸಿಲ್ಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದದ್ದು, ಆಮೇಲೆ ಗದಗಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು, ಗಜೇಂದ್ರಗಡ ತಾಲ್ಲೂಕಾದದ್ದು ಇದೇ ಸಾಲಿಗೆ ಸೇರುತ್ತವೆ. ಕಾಗದದ ಮೇಲೆ ಇವು ಆಡಳಿತದ ಬದಲಾವಣೆಗಳು. ದಾಖಲೆಪತ್ರದ ಚೀಲ ಹಿಡಿದು ಓಡಾಡುವವರ ಕಾಲಿಗೆ ಉಳಿತಾಯ.

ಇನ್ನು ದಾರಿ. ನರಗುಂದ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. 1880ರ ದಶಕದಲ್ಲಿ ಗದಗಿನಿಂದ ಹೊಟಗಿಗೆ ಹಾಕಿದ ಹಳಿ ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರುಗಳ ಮೇಲೆ ಹಾಯ್ದು ಬಾದಾಮಿಯತ್ತ ಹೋಯಿತು. ನರಗುಂದ ಪಕ್ಕದಲ್ಲೇ ಉಳಿಯಿತು. ಹಾಗಾಗಿ ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ತೆರೆದಾಗಲೂ, ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ನಡುವಿನ 490 ಕಿ.ಮೀ.ಯನ್ನು ಆರೂವರೆ ತಾಸಿನೊಳಗೆ ಮುಗಿಸುವ ವಂದೇ ಭಾರತ್ ಬಂದಾಗಲೂ, ಚಿಕ್ಕನರಗುಂದದವರಿಗೆ ಆ ಅನುಕೂಲ ಸಿಗುವುದು ಹುಬ್ಬಳ್ಳಿ ಮುಟ್ಟಿದ ಮೇಲೆಯೇ. ವಿಮಾನವಿರಲಿ, ರೈಲಿರಲಿ, ಆಸ್ಪತ್ರೆಯಿರಲಿ, ಎಲ್ಲದಕ್ಕೂ ಬಾಗಿಲು ಆ 55 ಕಿಲೋಮೀಟರಿನ ರಸ್ತೆ.

ಆ ಬಾಗಿಲು ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದೂ ಉಂಟು. ಬೆಣ್ಣಿಹಳ್ಳ ಹೆಸರಿಗೆ ಹಳ್ಳ; ಧಾರವಾಡದ ಕಡೆ ಜೋರು ಮಳೆಯಾದರೆ ಯಮನೂರಿನ ಆಸುಪಾಸಿನ ಎರೆಹೊಲಗಳನ್ನೆಲ್ಲ ಹೊಳೆ ಮಾಡುತ್ತದೆ. ಇತ್ತ ಮಲಪ್ರಭೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯನ್ನೇ ಕಡಿದು ಹಾಕಿತು. ಲಖಮಾಪುರದಂಥ ಊರುಗಳು ನಡುಗಡ್ಡೆಗಳಾದವು. ಆ ದಿನಗಳಲ್ಲಿ ಪಕ್ಕದ ಊರೇ ದೂರದ ದೇಶ. ಎರೆ ಮಣ್ಣಿನ ಒಳದಾರಿಗಳ ಕತೆ ಇನ್ನೂ ಬೇರೆ. ಬೇಸಿಗೆಯಲ್ಲಿ ಬಿರಿಯುವ, ಮಳೆಯಲ್ಲಿ ಉಬ್ಬುವ ಈ ಮಣ್ಣು ಮೇಲಿನ ಡಾಂಬರನ್ನು ಒಂದೆರಡು ಮಳೆಗಾಲದಲ್ಲೇ ಎತ್ತಿ ಒಗೆಯುತ್ತದೆ. ಇಲ್ಲಿನ ರಸ್ತೆಗೆ ಕೆಳಗೆ ಗಟ್ಟಿ ಮುರುಮಿನ ತಳಪಾಯ, ಬದಿಗೆ ನೀರು ಹರಿಯುವ ಕಾಲುವೆ ಬೇಕೇ ಬೇಕು. ಕೆಂಪು ಮಣ್ಣಿನ ಸೀಮೆಯ ಅಂದಾಜುಪಟ್ಟಿ ಇಲ್ಲಿಗೆ ಸಾಲದು. ಇದನ್ನು ತಿಳಿಯದ ಎಂಜಿನಿಯರಿಲ್ಲ. ತಿಳಿದೂ ಅಂದಾಜುಪಟ್ಟಿಯಲ್ಲಿ ಸೇರಿಸದಿರುವುದೇ ಕೊರತೆ.

2024ರ ಮಾರ್ಚ್‌ನಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದ ಇನ್ನೊಂದು ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯಾಯಿತು. ಆಗಲಿ, ಬೇಗ ಮುಗಿಯಲಿ. ಅದರ ಜೊತೆಗೆ ನೆಲದ ಮೇಲಿನ ಕೆಲವು ಕೆಲಸಗಳೂ ನಡೆಯಬೇಕು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಓಡಿಸುತ್ತದೆ. ವಿಮಾನ ಇಳಿದವರು ಅಲ್ಲೇ ಹತ್ತಿ ನೇರ ಮೈಸೂರಿನಲ್ಲಿ ಇಳಿಯುತ್ತಾರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ನವಲಗುಂದ, ನರಗುಂದದ ಕಡೆಗೊಂದು, ಗದಗ, ರೋಣ, ಗಜೇಂದ್ರಗಡದ ಕಡೆಗೊಂದು, ವಿಮಾನದ ವೇಳೆಗೆ ಹೊಂದುವ ಬಸ್ ಬಿಡುವುದು ಆ ಸಂಸ್ಥೆಗೆ ದೊಡ್ಡ ಭಾರವಾಗಲಾರದು. ಅದಕ್ಕೆ ವೋಲ್ವೊ ಬೇಕಿಲ್ಲ, ಸಾದಾ ಕೆಂಪು ಬಸ್ ಸಾಕು. ಗಜೇಂದ್ರಗಡದಿಂದ ಹುಬ್ಬಳ್ಳಿ ನೂರು ಕಿ.ಮೀ. ಮೀರುತ್ತದೆ, ಅಲ್ಲಿಂದ ಕಾರು ಬಾಡಿಗೆ ಮಾಡಿ ಬರುವ ಖರ್ಚು ಕೆಲವು ದಿನ ವಿಮಾನದ ಟಿಕೆಟ್‌ಗೇ ಸರಿಗಟ್ಟುತ್ತದೆ. ಬಸ್ ಹೊಂದಿದರೆ ಸೀಟು ತುಂಬಿಸಲು ಹೆಣಗುವ ವಿಮಾನ ಕಂಪನಿಗೂ ಲಾಭ.

ಎರಡನೆಯದು ನಸುಕಿನ ಬಸ್. ರಾತ್ರಿ ಹಳ್ಳಿಯಲ್ಲೇ ತಂಗಿ, ಕೋಳಿ ಕೂಗುವ ಹೊತ್ತಿಗೆ ಹೊರಡುವ ವಸತಿ ಬಸ್ಸಿನ ಬೆಲೆ ಹಳ್ಳಿಯಲ್ಲಿ ಬದುಕಿದವರಿಗೆ ಗೊತ್ತು. ಕಾಲೇಜಿಗೆ ಹೋಗುವ ಹುಡುಗಿ, ಹಾಲಿನ ಕ್ಯಾನು, ಆಸ್ಪತ್ರೆಗೆ ಹೊರಟ ಮುದುಕಪ್ಪ ಎಲ್ಲರೂ ಅದಕ್ಕೇ ಕಾಯುತ್ತಾರೆ. ಚಾಲಕ, ನಿರ್ವಾಹಕರಿಗೆ ಮಲಗಲು ಗ್ರಾಮ ಪಂಚಾಯಿತಿ ಒಂದು ಸ್ವಚ್ಛ ಕೋಣೆ, ನೀರು, ಸೊಳ್ಳೆಪರದೆ ಕೊಟ್ಟರೆ ಈ ಸೇವೆ ಉಳಿಯುತ್ತದೆ. ಕೊಡದಿದ್ದರೆ ಯಾವ ಸಿಬ್ಬಂದಿಯೂ ಆ ಪಾಳಿ ಬಯಸುವುದಿಲ್ಲ. ಚಿಕ್ಕನರಗುಂದದಲ್ಲಿ ನಸುಕಿನ ಐದಕ್ಕೆ ಬಸ್ ಹತ್ತಿದವರು ಎಂಟರೊಳಗೆ ಹುಬ್ಬಳ್ಳಿಯಲ್ಲಿರುವಂತಾದರೆ, ಮುಂದಿನ ರೈಲೋ ವಿಮಾನವೋ ಡಾಕ್ಟರರ ಚೀಟಿಯೋ ಅದೇ ದಿನ ಕೈಗೆ ಬರುತ್ತದೆ.

ಮೂರನೆಯದು ಸಣ್ಣದು, ಖರ್ಚಿಲ್ಲದ್ದು. ನರಗುಂದ, ರೋಣ, ಗಜೇಂದ್ರಗಡದ ಬಸ್ ನಿಲ್ದಾಣಗಳ ವೇಳಾಪಟ್ಟಿಯ ಫಲಕದಲ್ಲಿ ಹುಬ್ಬಳ್ಳಿಯ ರೈಲು, ವಿಮಾನಗಳ ವೇಳೆಯನ್ನೂ ಕನ್ನಡದಲ್ಲಿ ಬರೆಯಿಸಬೇಕು. ಯಾವ ಬಸ್ ಹಿಡಿದರೆ ಯಾವುದು ಸಿಗುತ್ತದೆ ಎಂದು ಒಂದು ಸಾಲು ಸೇರಿಸಬೇಕು. ಟಿಕೆಟ್ಟಿನ ಇಂಗ್ಲಿಷ್ ಓದಲಾಗದೆ, ಕೌಂಟರ್ ಯಾವಾಗ ಮುಚ್ಚುತ್ತದೆಂದು ತಿಳಿಯದೆ, ಸಾಮಾನು ಹದಿನೈದು ಕಿಲೋ ಮೀರಬಾರದೆಂಬುದು ಗೊತ್ತಿಲ್ಲದೆ, ಮಗಳ ಮನೆಗೆಂದು ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ನಿಲ್ದಾಣದ ನೆಲದ ಮೇಲೆ ಬಿಚ್ಚಿ ತೂಕ ಸರಿಹೊಂದಿಸುವ ಹಿರಿಯರ ಸಂಕೋಚವನ್ನು ಒಂದು ಫಲಕ ತಪ್ಪಿಸಬಹುದು.

ಉಳ್ಳಾಗಡ್ಡಿಯ ಮಾತು ಮಾತ್ರ ಫಲಕದಿಂದ ತೀರದು. ಮುಂಗಾರಿನ ಗಡ್ಡೆ ಮಾರುಕಟ್ಟೆಗೆ ಬರುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ದರ ಬಿದ್ದ ಮೇಲೆ ಖರೀದಿ ಕೇಂದ್ರಕ್ಕೆ ಅರ್ಜಿ ಹಾಕಿ, ಆದೇಶ ಬರುವಷ್ಟರಲ್ಲಿ ಹೊಲ ಖಾಲಿಯಾಗಿ ಲಾರಿ ಹೊರಟಿರುತ್ತದೆ. ಆದೇಶ ಆಗಸ್ಟ್‌ನಲ್ಲೇ ಬರಬೇಕು. ಗೋದಾಮು ಅದಕ್ಕೂ ಮೊದಲೇ ನಿಂತಿರಬೇಕು. ಬೆಂಗಳೂರಿನ ಅಧಿಕಾರಿಗಳು ಆ ತಿಂಗಳಲ್ಲಿ ಒಂದು ಬೆಳಿಗ್ಗೆ ಹುಬ್ಬಳ್ಳಿಯ ವಿಮಾನ ಹತ್ತಲಿ. ಇಳಿದ ಮೇಲೆ ಸರ್ಕಾರಿ ಕಾರು ಬಿಟ್ಟು ನವಲಗುಂದದ ಮೇಲೆ ನರಗುಂದಕ್ಕೆ ಬಸ್ಸಿನಲ್ಲಿ ಬರಲಿ, ಅಲ್ಲಿಂದ ಟಂಟಂ ಹಿಡಿದು ಚಿಕ್ಕನರಗುಂದಕ್ಕೆ ಹೋಗಲಿ. ಮನೆ ಬಿಟ್ಟ ವೇಳೆ, ಊರು ಮುಟ್ಟಿದ ವೇಳೆ ಎರಡನ್ನೂ ತಮ್ಮ ಪ್ರವಾಸ ವರದಿಯ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.